ಇಂದಿನ ಧಮ್ಮ ಚಿಂತನೆ: ಕರುಣೆ ಕೇಳಿದರೆ ಕೈಚಾಚಿದಂತೆಯೇ?



ಕೆನಡಾದಲ್ಲಿರುವ ನಮ್ಮ ಬಳಗದ ತಂಗಿಯೊಬ್ಬಳು ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ವೀಸಾ ಮುಗಿದಿದೆ, ಮಗಳು ಅಲ್ಲೇ ಹುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ. ಅಲ್ಲಿನ ವಲಸೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮಾನವೀಯತೆ ಮತ್ತು ಕರುಣೆಯ ಆಧಾರದಲ್ಲಿ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು ಎಂದಿದ್ದಾರೆ ವಕೀಲರು. "ಅಣ್ಣಾ, ಬಾಬಾಸಾಹೇಬರು ಸ್ವಾಭಿಮಾನ ಕಲಿಸಿದರು. ಈಗ ಕರುಣೆ ತೋರಿಸಿ ಅಂತ ಕೈಚಾಚಲಾ?" ಎಂದು ಅತ್ತಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 'ಅಯ್ಯೋ ಪಾಪ' ಅಂತ ಬೊಗಸೆಗೆ ಮೇಲಿಂದ ನೀರು ಹೊಯ್ದವರ ದಯೆ ನಮಗೆ ಗೊತ್ತು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆ ಎಂದದ್ದು ಮನುಷ್ಯ ಮನುಷ್ಯನನ್ನು ಪ್ರೀತಿಸುವುದಕ್ಕೆ.

ಆಗ ಮೇವಿಸ್ ಬೇಕರ್ ನೆನಪಾದರು. ಜಮೈಕಾದಿಂದ ಬಂದು ಹನ್ನೊಂದು ವರ್ಷ ಕೆನಡಾದಲ್ಲಿ ಮನೆಗೆಲಸ ಮಾಡಿದವರು, ಅಲ್ಲೇ ಹುಟ್ಟಿದ ನಾಲ್ಕು ಮಕ್ಕಳ ತಾಯಿ. ಇಂಥದೇ ಅರ್ಜಿ ಹಾಕಿದಾಗ ಅಧಿಕಾರಿಯ ಟಿಪ್ಪಣಿ ಆಕೆಯ ಮಾನಸಿಕ ಕಾಯಿಲೆಯನ್ನೂ ಮಕ್ಕಳ ಸಂಖ್ಯೆಯನ್ನೂ ಹಂಗಿಸಿತ್ತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ರದ್ದು ಮಾಡಿತು: ಇದರಲ್ಲಿ ಪಕ್ಷಪಾತ ಕಾಣುತ್ತದೆ, ಮಕ್ಕಳ ಹಿತ ನೋಡಿಲ್ಲ ಎಂದಿತು. ಕರುಣೆಯಿಂದ ನೋಡುವುದು ಆ ಕುರ್ಚಿಯ ಕೆಲಸವೇ, ತಂಗೀ.

ಅರ್ಜಿ ಕೊಟ್ಟ ಮಾತ್ರಕ್ಕೆ ಗಡೀಪಾರು ನಿಲ್ಲುವುದಿಲ್ಲ, ಅದನ್ನೂ ಹೇಳಿದೆ. ಒಂದಕ್ಷರ ಸುಳ್ಳು ಬೇಡ, ನಾಲ್ಕನೇ ಶೀಲ ನೆನಪಿರಲಿ. ಮಗಳ ಶಾಲೆ, ನಿನ್ನ ದುಡಿಮೆ, ಊರಿಗೆ ಮರಳಿದರೆ ಎದುರಾಗುವುದು, ಎಲ್ಲ ಬರೆ. ಜಾತಿಯನ್ನು ಜಾತಿ ಎಂದೇ ಬರೆ.

ಪರಿಚಿತರ ಬೆಂಬಲ ಪತ್ರಗಳೂ ಬೇಕಂತೆ. ಬೆಳಗಿನ ವಂದನೆ ಮುಗಿಸಿ ನನ್ನದನ್ನು ಬರೆಯಲು ಕೂತಿದ್ದೇನೆ. ಅವಳನ್ನು ಬಲ್ಲವರು ಈ ವಾರದೊಳಗೆ ಕಳಿಸಿ.