ಹೂವು ಯಾರ ಕಡೆಗೆ?

ಕಿಟಕಿ ಪರದೆಯನ್ನು ಮನೆಯಲ್ಲೇ ಹೊಲಿಯಲು ಕುಳಿತಿದ್ದೀರಾ? ನಿರಿಗೆ ಚೆನ್ನಾಗಿ ಕೂರಬೇಕಾದರೆ 4 ಅಡಿ ಅಗಲದ ಕಿಟಕಿಗೆ ಸುಮಾರು 8 ಅಡಿ ಅಗಲದ ಬಟ್ಟೆ ಬೇಕು. ಹತ್ತಿಯದಾದರೆ ಮೊದಲೇ ಒಗೆದು ಒಣಗಿಸಿ. ಇಲ್ಲವಾದರೆ ಹೊಲಿದ ಮೇಲೆ ಕುಗ್ಗೀತು. ಇಷ್ಟನ್ನು ಯಾವ ದರ್ಜಿಯಾದರೂ ಹೇಳಿಯಾನು. ಆದರೆ ಹೂವಿನ ಬದಿ ಬೀದಿಗಿರಲೋ, ಮನೆಯೊಳಕ್ಕಿರಲೋ?

ಬೀದಿಗೆ ತಿರುಗಿಸಿದರೆ ನೆರೆಯವರು ಮೆಚ್ಚುತ್ತಾರೆ. ಮನೆಯವರಿಗೆ ಹೊಲಿಗೆಯ ಗಂಟುಗಳೇ ಗತಿ. ಬಂದವರಿಗೆ ನಗುಮುಖ, ನಮ್ಮವರಿಗೆ ಸಿಡುಕು ಎಂಬಂತೆ. ಹಾಗೆಂದು ಹೊರಗಿನವರ ಕಣ್ಣಿಗೆ ಚೆಂದ ಕಾಣಬಯಸುವುದು ತಪ್ಪೆನ್ನಲಾರೆ. ಅದೂ ಒಂದು ಮರ್ಯಾದೆಯೇ. ಲೈನಿಂಗ್ ಬಟ್ಟೆ ಕೊಟ್ಟರೆ ಎರಡೂ ಕಡೆ ಅಚ್ಚುಕಟ್ಟು, ಬಿಸಿಲಿಗೆ ಬಣ್ಣ ಮಾಸುವುದೂ ಕಡಿಮೆ. ಖರ್ಚು ಮಾತ್ರ ಹೆಚ್ಚು. ನಮ್ಮ ತಾಯಿಗೆ ಆ ಖರ್ಚು ಕೈಗೆಟುಕಲಿಲ್ಲ. ಹೂಗಳನ್ನು ಒಳಕ್ಕೇ ತಿರುಗಿಸಿದರು, ಹಾಸಿಗೆ ಹಿಡಿದಿದ್ದ ಅಜ್ಜಿಗೆ ಕಾಣುವಂತೆ.