ಮೂಗಿನ ಸಾಕ್ಷಿ

2020ರಲ್ಲಿ ದೇಹೂ ರೋಡಿನ ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕೈಗೆ ಥರ್ಮಲ್ ಗನ್ ಬಂತು. ಹಣೆಗೆ ಹಿಡಿದರೆ ಒಂದು ಅಂಕಿ. ಆ ಅಂಕಿಗೆ ನಮ್ಮ ಮಾತಿನ ಹಂಗಿರಲಿಲ್ಲ. ವಾಸನೆ ಪರೀಕ್ಷೆ ಹಾಗಲ್ಲ. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಾಗ ಏನಾಯಿತೆಂದು ಗೊತ್ತಾಗುವುದು ಒಬ್ಬರಿಗೆ ಮಾತ್ರ. ಉಪಕರಣವೂ ಅವರೇ, ವರದಿ ಕೊಡುವವರೂ ಅವರೇ. ಹಾಗಿದ್ದ ಮೇಲೆ, ಸತ್ಯ ಹೇಳಿ ಎಂದು ಅವರನ್ನು ಕೇಳುವ ಹಕ್ಕು ಯಾರಿಗಿದೆ?

ಪರೀಕ್ಷೆಗೆ ವಿಜ್ಞಾನದ ಆಧಾರವಂತೂ ಇತ್ತು. ಕೊರೊನಾ ವೈರಸ್ ಮುಖ್ಯವಾಗಿ ಹಿಡಿಯುವುದು ವಾಸನೆಯ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಕೋಶಗಳನ್ನು. ಹಾಗಾಗಿ ನೆಗಡಿಯಿಲ್ಲದೆ, ಮೂಗು ಕಟ್ಟದೆಯೂ ವಾಸನೆ ಹೋಗುತ್ತಿತ್ತು. ಆ ವರ್ಷ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಇಲ್ಲೇ ಪುಣೆಯ ಐಸರ್‌ನಲ್ಲಿ ನಿಕ್ಸನ್ ಅಬ್ರಹಾಂ ಅವರ ತಂಡ, ಬಿ.ಜೆ. ವೈದ್ಯಕೀಯ ಕಾಲೇಜಿನವರ ಜೊತೆಗೂಡಿ, ವಾಸನೆಯನ್ನು ಅಳತೆಮಾಡಿ ಬಿಡುವ ಯಂತ್ರವೊಂದನ್ನು ಕಟ್ಟಿ ಲಕ್ಷಣಗಳಿಲ್ಲದ ಸೋಂಕಿತರನ್ನು ಪರೀಕ್ಷಿಸಿತು. ಅವರಲ್ಲಿ ಶೇ. 82ರಷ್ಟು ಮಂದಿಯ ಘ್ರಾಣಶಕ್ತಿ ಕುಂದಿತ್ತು. ಅದು ತಮಗೇ ಗೊತ್ತಾಗಿದೆ ಎಂದವರು ಶೇ. 15ರ ಆಸುಪಾಸು. ಉಳಿದವರು ಸುಳ್ಳು ಹೇಳಿದವರಲ್ಲ, ಅವರಿಗೆ ಅರಿವೇ ಇರಲಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಫಾರ್ಮಿನಲ್ಲಿ 'ಯಾವುದೇ ಲಕ್ಷಣವಿಲ್ಲ' ಎಂದು ಟಿಕ್ ಮಾಡುತ್ತಿದ್ದ ನಮ್ಮ ಪ್ರಾಮಾಣಿಕತೆಗೆ ಎಷ್ಟು ಬೆಲೆ ಎಂಬುದು ಇದರಿಂದ ತಿಳಿಯುತ್ತದೆ.

ಮನೆಯಲ್ಲೇ ಮಾಡುವುದಾದರೆ ಇನ್ನೂ ತೊಡಕು. ಕಾಫಿಪುಡಿಯ ಡಬ್ಬಿ ಎಂದು ಗೊತ್ತಿದ್ದರೆ ಮೂಗಿಗಿಂತ ಮೊದಲು ನೆನಪು ಉತ್ತರ ಕೊಡುತ್ತದೆ. ಆದ್ದರಿಂದ ಕಣ್ಣು ಮುಚ್ಚಿಸಿ ಡಬ್ಬಿ ಬದಲಾಯಿಸಲು ಇನ್ನೊಬ್ಬರು ಬೇಕು, ನಡುವೆ ಒಂದು ಖಾಲಿ ಡಬ್ಬಿಯೂ ಬರಬೇಕು. ವಿಕ್ಸ್, ಕರ್ಪೂರ ಬೇಡ. ಅವುಗಳ ತಂಪು, ಚುರುಕು ಬೇರೊಂದು ನರದ ಮೂಲಕ ತಿಳಿಯುವುದರಿಂದ ವಾಸನೆ ಸತ್ತವರಿಗೂ 'ಏನೋ ಬಂತು' ಅನ್ನಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆಸರಾಂತ ಪರೀಕ್ಷೆಯಲ್ಲಿ ಕೆರೆದು ಮೂಸುವ 40 ವಾಸನೆಗಳಿವೆ, ಅವುಗಳಲ್ಲಿ ರೂಟ್ ಬಿಯರ್ ಕೂಡ ಒಂದು. ಅದನ್ನು ಗುರುತಿಸದಿದ್ದರೆ ನಮ್ಮೂರಿನವರ ಮೂಗಿನ ತಪ್ಪೇನು? ಇಂಗು, ತೆಂಗಿನೆಣ್ಣೆ ಇಟ್ಟು ನೋಡಿ! ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ವಾಸನೆ ಮೊದಲೇ ಮಂದವಾಗಿರುವುದೂ ಉಂಟು. ಹಾಗಾಗಿ ಇದು ರೋಗನಿರ್ಣಯವಲ್ಲ, ಬರೀ ಜರಡಿ. ಜರಡಿಯಲ್ಲಿ ಸಿಕ್ಕವರು ಸ್ವಾಬ್ ಕೊಡಲೇಬೇಕು.

ಆದರೆ ನಮ್ಮ ಸೊಸೈಟಿಯ ಜೂಮ್ ಮೀಟಿಂಗಿನಲ್ಲಿ ಈ ಜರಡಿ ಬೇರೆ ರೂಪ ತಾಳಿತು. ಮನೆಗೆಲಸದವರು, ಡ್ರೈವರುಗಳು ಗೇಟಿನಲ್ಲಿ ಕಾಫಿಪುಡಿ ಮೂಸಿ ಒಳಗೆ ಬರಲಿ ಎಂಬ ಸಲಹೆ ಬಂತು. ಫ್ಲ್ಯಾಟಿನವರಿಗೂ ಇದು ಅನ್ವಯಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ. ವಿಷಯ ಅದೇ ಸಂಜೆ ಕೆಳಗೆ ತಲುಪಿತ್ತು. ನಮ್ಮ ಮನೆಗೆ ಬರುತ್ತಿದ್ದ ಕಲಬುರಗಿ ಕಡೆಯ ಹೆಂಗಸು ನನ್ನ ಹೆಂಡತಿಯನ್ನು ನೇರವಾಗಿ ಕೇಳಿದಳು: "ವಾಸನಿ ಬರವಲ್ದು ಅಂದ್ರ ಪಗಾರ ಕೊಡ್ತೀರೇನ್ರೀ ಅಕ್ಕಾರ?"

ಇಡೀ ಮೀಟಿಂಗಿನಲ್ಲಿ ಇಷ್ಟು ಸರಿಯಾದ ಪ್ರಶ್ನೆ ಬಂದಿರಲಿಲ್ಲ. ನನಗೆ ವಾಸನೆ ಹೋದರೆ ಒಂದು ಮೇಲ್ ಸಾಕು, ಲ್ಯಾಪ್‌ಟಾಪ್ ಸಮೇತ ಒಳಕೋಣೆಗೆ ಹೋಗುತ್ತೇನೆ, ಸಂಬಳ ಒಂದನೇ ತಾರೀಕಿಗೆ ಬರುತ್ತದೆ. ಅವಳು ಅದೇ ಸತ್ಯ ಹೇಳಿದರೆ ನಾಲ್ಕು ಮನೆಯ ಪಗಾರ ಹೋಗುತ್ತದೆ, ಮತ್ತೆ ಕರೆಯುತ್ತಾರೆಂಬ ಭರವಸೆಯೂ ಇಲ್ಲ. ಒಂದೇ ಸತ್ಯಕ್ಕೆ ಎರಡು ದರ. ನಾವೆಲ್ಲ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಕೊಟ್ಟ ಮಾತಿಗಾಗಿ ಹಸು ಜೀವ ಒಪ್ಪಿಸಲು ಬಂದದ್ದನ್ನು ಕೊಂಡಾಡುತ್ತೇವೆ. ಅಂಥ ಮಾತು ಕೇಳಿದ ಹುಲಿಯ ಜಾಗದಲ್ಲಿ ನಾವೇ ನಿಂತಿರಬಹುದು ಎಂಬುದು ಮಾತ್ರ ಹೊಳೆಯುವುದಿಲ್ಲ.

ರೋಗ ಹರಡದಂತೆ ನೋಡಿಕೊಳ್ಳುವ ಹೊಣೆ ಅವಳಿಗಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದರು, ಅವಳ ಮನೆಯಲ್ಲಿ ಬಸುರಿ ಸೊಸೆ. ಬಚ್ಚಿಟ್ಟರೆ ಎರಡೂ ಕಡೆ ಅಪಾಯ. ಆದರೆ ಸುಳ್ಳು ಹೇಳದೆ ವಿಧಿಯಿಲ್ಲದಂಥ ಸ್ಥಿತಿಯಲ್ಲಿಟ್ಟು ಸತ್ಯ ಕೇಳುವುದು ನ್ಯಾಯವಲ್ಲ, ಮೇಲಾಗಿ ಅದರಿಂದ ಉಪಯೋಗವೂ ಇಲ್ಲ. 'ಬರ್ತದ್ರೀ' ಎನ್ನುವುದು ಎಷ್ಟು ಹೊತ್ತಿನ ಕೆಲಸ? ಪಗಾರದ ಖಾತ್ರಿ ಮೊದಲು, ಡಬ್ಬಿ ಆಮೇಲೆ.

ಮುಂದೆ ಓಮಿಕ್ರಾನ್ ಬಂದಾಗ ವಾಸನೆ ಹೋಗುವುದೇ ಕಡಿಮೆಯಾಗಿ ಈ ಪರೀಕ್ಷೆಯ ಬಲ ಕುಗ್ಗಿತು. ನಮ್ಮಲ್ಲಿ ಅದಕ್ಕೂ ಮೊದಲೇ ಮುಗಿದಿತ್ತು. ರಜೆಯ ದಿನಗಳ ಪಗಾರ ಕೊಡುವ ಮನೆಗಳು ಹೆಸರು ಬರೆಸಿ ಎಂದು ಗ್ರೂಪಿನಲ್ಲಿ ಹಾಕಿದೆ. ಮೂರು ಹೆಸರು ಬಂದವು. ಕಾಫಿಪುಡಿಯ ಪ್ರಸ್ತಾಪ ಮುಂದಿನ ಮೀಟಿಂಗಿನ ಪಟ್ಟಿಯಲ್ಲಿ ಇರಲಿಲ್ಲ.