ಗಡಿ ದಾಟಿದ ಕಾರ್ಣಿಕ

ವಿಜಯದಶಮಿಯ ಹೊತ್ತಿಗೆ, ಇನ್ನೂ ಬೆಳಕು ಹರಿಯದ ಜಾವದಲ್ಲಿ, ಬೀರೂರಿನ ಮಹಾನವಮಿ ಬಯಲಿನಲ್ಲಿ ಮಳೆ-ಬೆಳೆ, ರಾಜಕೀಯದ ಭವಿಷ್ಯ ನುಡಿಯುವ ಮೈಲಾರಲಿಂಗಸ್ವಾಮಿಯ ಕಾರ್ಣಿಕವಾಗುತ್ತದೆ. ಹೊರಬೀಳುವುದು ಒಂದೆರಡು ಸಾಲು, ಅದೂ ಒಗಟು. ಅದರ ಅರ್ಥ ಹುಟ್ಟುವುದು ಆಮೇಲೆ, ಊರಿಗೆ ಹಿಂದಿರುಗಿದವರ ಜಗಲಿಗಳಲ್ಲಿ. ಚೌಳಹಿರಿಯೂರು ಹೋಬಳಿಯಂಥ ಬಯಲುಸೀಮೆಯಲ್ಲಿ ಮಳೆಯ ಮಾತೆಂದರೆ ರಾಗಿಯ ಮಾತು, ತೆಂಗಿನ ಮಾತು, ಬೋರ್‌ವೆಲ್ಲಿಗೆ ಮಾಡಿದ ಸಾಲದ ಮಾತು. ಒಬ್ಬರು ಹೇಳಿದ ಅರ್ಥವನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಹಿರಿಯರು ಹಳೆಯ ವರ್ಷದ ನುಡಿಯನ್ನು ನೆನೆದು ತಾಳೆ ಹಾಕುತ್ತಾರೆ. ಈ ಜಗ್ಗಾಟವೂ ಸೇರಿದರೇ ಕಾರ್ಣಿಕ ಪೂರ್ತಿ.

ಈಗ ಆ ನುಡಿ ಹೊತ್ತು ಮೂಡುವ ಮೊದಲೇ ವಾಟ್ಸಾಪ್‌ನಲ್ಲಿರುತ್ತದೆ. ಯೂಟ್ಯೂಬಿನಲ್ಲಿ ಅದರ ತಲೆಬರಹವೇ ತೀರ್ಪು ಕೊಟ್ಟುಬಿಟ್ಟಿರುತ್ತದೆ: ಸರ್ಕಾರ ಬೀಳುತ್ತದೆ, ಅಥವಾ ಬೀಳುವುದಿಲ್ಲ. ಊರುಬಿಟ್ಟು ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವವರು ನೋಡುತ್ತಾರೆ, ಕನ್ನಡವೇ ತಿಳಿಯದವರೂ ನೋಡುತ್ತಾರೆ. ಸಂಸ್ಕೃತಿ ಗಡಿ ದಾಟಿತು ಎಂದು ನಾವು ಹಿಗ್ಗುತ್ತೇವೆ. ದಾಟಿದ್ದು ನಿಜ. ಆದರೆ ವಿನಿಮಯ ನಡೆಯಿತೇ?

ಈ ದೇವರಿಗೆ ಗಡಿ ದಾಟುವುದು ಹೊಸದಲ್ಲ. ಇಲ್ಲಿಯ ಮೈಲಾರ ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬಾ, ತೆಲುಗು ಸೀಮೆಯಲ್ಲಿ ಮಲ್ಲಣ್ಣ. ಇಲ್ಲಿ ಡಮರು ಹಿಡಿದು ಅರಿಸಿನದ ಭಂಡಾರ ಹಚ್ಚುವ ಗೊರವ ಭಕ್ತರಿದ್ದರೆ ಅಲ್ಲಿ ವಾಘ್ಯಾ-ಮುರಳಿಯರಿದ್ದಾರೆ. ಕುರಿಗಾಹಿಗಳು, ವ್ಯಾಪಾರಿಗಳು, ಹರಕೆ ಹೊತ್ತವರು ತಲೆಮಾರುಗಳ ಕಾಲ ನಡೆದಾಡಿದ ದಾರಿಯಲ್ಲಿ ಈ ನಂಟು ಬೆಳೆಯಿತು. ಹಾಗೆ ಬಂದವರು ಇಲ್ಲಿ ಉಣ್ಣಬೇಕಿತ್ತು, ತಂಗಬೇಕಿತ್ತು, ಮೇವು-ನೀರು ಕೇಳಬೇಕಿತ್ತು. ಕೇಳಿದವನು ಋಣಿಯಾಗುತ್ತಾನೆ, ಕೊಟ್ಟವನಿಗೂ ಬಂದವನ ದೇವರ ಮೇಲೆ ಒಂದು ಬಾಧ್ಯತೆ ಹುಟ್ಟುತ್ತದೆ. ನನ್ನ ಮಟ್ಟಿಗೆ ವಿನಿಮಯ ಎಂದರೆ ಇದು: ಇಬ್ಬರೂ ಮೊದಲಿನಂತೆ ಉಳಿಯದಿರುವುದು.

ಪರದೆಯ ಮುಂದೆ ಕುಳಿತವನು ಏನನ್ನೂ ಕೇಳಬೇಕಾಗಿಲ್ಲ. ಮಳೆ ಬಂದರೂ ಬಾರದಿದ್ದರೂ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಾಗಿಯೇ ರೈತನಿಗೆ ಬದುಕಿನ ಪ್ರಶ್ನೆಯಾಗಿದ್ದ ನುಡಿ ಅಲ್ಲಿ ಬರಿಯ ಬೆರಗಾಗುತ್ತದೆ. ಎಷ್ಟು ಹೊತ್ತು ನೋಡಿದರು ಎಂಬುದನ್ನು ಅಳೆದು ಮುಂದಿನದನ್ನು ತೋರಿಸುವ ಯಂತ್ರಕ್ಕೆ ಬೆರಗು ಬೇಕು. ಜಗಲಿಯ ನಿಧಾನ ಅದಕ್ಕೆ ಒಗ್ಗುವುದಿಲ್ಲ. ಆ ಯಂತ್ರ ನಮ್ಮದೂ ಅಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಯ ಎಷ್ಟೋ ಹುಡುಗ ಹುಡುಗಿಯರ ಕುಣಿತ, ಹಾಡು, ನಗೆ ನೋಡುಗರನ್ನು ಕಳೆದುಕೊಂಡವು. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ಜಾತ್ರೆಯ ಬಯಲನ್ನು ಹಾಗೆ ಒಂದು ಆದೇಶದಿಂದ ಅಳಿಸಲಾಗದು.

ಹಾಗೆಂದು ದೋಷವನ್ನೆಲ್ಲ ಕ್ಯಾಮೆರಾದ ತಲೆಗೆ ಕಟ್ಟಲಾರೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ (1934–1992) ಖಂಡೋಬಾನ ಭಕ್ತರ ಕುರಿತು ಸಾಕ್ಷ್ಯಚಿತ್ರವನ್ನೂ ಮಾಡಿದವರು. ಆದರೆ ಅದಕ್ಕೆ ಮೊದಲು ಅವರು ಮರಾಠಿ ಕಲಿತರು, ಧನಗರ ಕುರುಬರ ನಡುವೆ ವರ್ಷಗಟ್ಟಲೆ ಓಡಾಡಿದರು, ಆ ಕುರುಬರು ಹೇಳಿದ್ದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರು. ಅವರ ಚಿತ್ರದ ಹಿಂದೆ ಒಂದು ಋಣವಿತ್ತು.

ಫೋನಿನ ಉಪಕಾರವನ್ನೂ ನಾನು ಮರೆಯಲೊಲ್ಲೆ. ಜೇಜುರಿಯನ್ನು ಎಂದೂ ಕಾಣದ ಬೀರೂರಿನ ಸೀಮೆಯ ಗೊರವರೊಬ್ಬರು ಈಗ ಸೋಮವತಿ ಅಮಾವಾಸ್ಯೆಯಂದು ಖಂಡೋಬಾನ ಪಲ್ಲಕ್ಕಿ ಕರ್ಹಾ ಹೊಳೆಗೆ ಇಳಿಯುವುದನ್ನು, ಅರಿಸಿನದ ಮೋಡ ಏಳುವುದನ್ನು ಕೂತಲ್ಲೇ ನೋಡಬಲ್ಲರು. ತಮ್ಮ ಭಂಡಾರವೇ ಅಲ್ಲಿಯೂ ಹಾರುತ್ತಿದೆ ಎಂದು ತಿಳಿಯುವ ಆ ಗಳಿಗೆ ದೊಡ್ಡದು. ಜಾತಿ, ರಾಜ್ಯ, ಭಾಷೆಗಳ ಹೆಸರಿನಲ್ಲಿ ಬೇಲಿ ಎತ್ತುವ ಈ ಕಾಲದಲ್ಲಿ, ಬೆಳಗಾವಿಯ ಹೆಸರೆತ್ತಿದರೆ ಜಗಳವಾಗುವ ಎರಡು ನಾಡುಗಳ ನಡುವೆ, ಅದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಆದರೆ ನೋಡಿದ್ದು ಅಲ್ಲಿಗೇ ನಿಂತರೆ ಸಾಲದು. ಆ ವಿಡಿಯೊ ಹಾಕಿದ ಮರಾಠಿ ಹುಡುಗನಿಗೆ ನಮ್ಮ ಹುಡುಗ ಒಂದು ಪ್ರಶ್ನೆ ಕಳುಹಿಸಲಿ: ನಿಮ್ಮಲ್ಲಿ ಭವಿಷ್ಯ ನುಡಿಯುತ್ತಾರೆಯೇ, ಮಳೆ ಕೈಕೊಟ್ಟ ವರ್ಷ ದೇವರಿಗೆ ಏನೆನ್ನುತ್ತೀರಿ? ಅವನು ಉತ್ತರಿಸಿದರೆ ಇವನು ತನ್ನ ಅಜ್ಜನನ್ನು ಕೇಳಬೇಕಾಗುತ್ತದೆ, ಏಕೆಂದರೆ ಮರುಪ್ರಶ್ನೆ ಬಂದೇ ಬರುತ್ತದೆ. ಕಾರ್ಣಿಕದ ತುಣುಕನ್ನು ಹರಿಯಬಿಡುವವರು ತೀರ್ಪಿನ ತಲೆಬರಹ ಬಿಟ್ಟು, ಅದರ ಜೊತೆಗೆ ಯಗಟಿಯ, ಚೌಳಹಿರಿಯೂರಿನ ಇಬ್ಬರು ರೈತರು ಅದನ್ನು ಬೇರೆ ಬೇರೆಯಾಗಿ ಅರ್ಥೈಸುವುದನ್ನೂ ಸೇರಿಸಬಹುದು. ನೋಡುವವರು ಕಡಿಮೆಯಾದಾರು. ಉಳಿದವರಲ್ಲಿ ಯಾರಾದರೂ, ಆ ವರ್ಷ ರಾಗಿ ಏನಾಯಿತು ಎಂದು ಸುಗ್ಗಿಯಲ್ಲಿ ಕೇಳಿಯಾರು.